ಗೋಡೆಯ ಓರೆ ಕಿಂಡಿ

ಮೈಸೂರಿನಿಂದ ಬಂದು ದಂಡು ಸ್ಟೇಷನ್ನಿನಲ್ಲಿ ಇಳಿದವಳು ನೇರ ಬೆನ್ಸನ್ ಟೌನಿಗೆ ಹೋಗಿ, ಮರುದಿನ ವಿಚಾರಗೋಷ್ಠಿಯಲ್ಲಿ ಓದಬೇಕಿದ್ದ ಪ್ರಬಂಧವನ್ನು ನಿವೃತ್ತ ಪಾದ್ರಿಯೊಬ್ಬರಿಗೆ ತೋರಿಸಿದೆ. ಮಧ್ಯಯುಗದ ಇಂಗ್ಲೆಂಡಿನ ಸಿರಿವಂತರು, ತಾವು ಸತ್ತ ಮೇಲೆ ತಮ್ಮ ಆತ್ಮಕ್ಕಾಗಿ ದಿನವೂ ಪೂಜೆ ನಡೆಯಲೆಂದು ಚರ್ಚಿನೊಳಗೆ ಕಟ್ಟಿಸುತ್ತಿದ್ದ ಪುಟ್ಟ ಬಲಿಪೀಠಗಳ ಬಗ್ಗೆ ಬರೆದಿದ್ದೆ. ಅವಕ್ಕೂ ಚರ್ಚಿನ ದೊಡ್ಡ ಪೀಠಕ್ಕೂ ನಡುವಿನ ಗೋಡೆಯಲ್ಲಿದ್ದ ಓರೆ ಕಿಂಡಿ ಬೆಳಕಿಗೆಂದು ಹೇಳಿದ್ದೆ.

“ಬೆಳಕಿಗಲ್ಲಮ್ಮ,” ಎಂದು ಅವರು ನಕ್ಕರು. ನನ್ನನ್ನು ಪುಸ್ತಕದ ರ‍್ಯಾಕಿನ ಹಿಂದೆ ನಿಲ್ಲಿಸಿ, ತಾವು ಊಟದ ಮೇಜಿನ ಬಳಿ ಹೋಗಿ ಕೈ ಎತ್ತಿದರು. “ಕಾಣ್ತಾ?”

“ಇಲ್ಲ ಫಾದರ್.”

ಅಡುಗೆಯ ಮೇರಿಯಮ್ಮ ಬಂದು ನಾಲ್ಕು ಪುಸ್ತಕ ತೆಗೆದರು. “ಇಷ್ಟು ವರ್ಷ ಧೂಳು ಹೊಡ್ದೆ, ಇವತ್ತು ಇದೂ ಚರ್ಚಾಯ್ತಾ?”

ಸಂದಿನಲ್ಲಿ ಪಾದ್ರಿಯ ಕೈ ಕಂಡಿತು.

“ದೊಡ್ಡ ಪೀಠದಲ್ಲಿ ಪಾದ್ರಿ ಪೂಜೆಯ ರೊಟ್ಟಿ ಎತ್ತಿ ತೋರಿಸಿದ ಮೇಲೇನೇ ಚಿಕ್ಕ ಪೀಠದವನು ಎತ್ತಬೇಕು. ಅದನ್ನ ನೋಡ್ಕೊಳ್ಳೋಕೆ ಕಿಂಡಿ.”

ತಪ್ಪು ಸಾಲನ್ನು ಅಲ್ಲೇ ಹೊಡೆದುಹಾಕಿದೆ. ಅಷ್ಟು ಜನರೆದುರು ನಗೆಪಾಟಲಾಗುವುದು ತಪ್ಪಿತು.

“ನೀನಿರೋದು ಚಿಕ್ಕ ಪೀಠ. ನಾನು ಎತ್ತಾಯ್ತು, ಈಗ ನೀನು ಎತ್ತು,” ಎಂದರು. “ನಿನ್ನೋರೂ ಯಾರಾದ್ರೂ ತೀರಿಹೋಗಿರ್ತಾರಲ್ಲ.”

ಯಾರೆಂದು ಅವರು ಕೇಳಲಿಲ್ಲ. ಮೇರಿಯಮ್ಮನೂ ಕೇಳಲಿಲ್ಲ. ನಾನು ಕೈ ಎತ್ತಿದೆ.