ಒಂದು ಪುಸ್ತಕಕ್ಕೆ ಮೂವತ್ತೇಳು ಜನರ ಸರದಿ

ಬೆಳಗಿನ ಆರು ಗಂಟೆ. ಮಾರ್ಚ್ ಬಂದರೂ ಹೊರಗೆ ಮೈನಸ್ ಹದಿನಾಲ್ಕು. ಕೊರ್ಪಿಯೋಕಿ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಉಣ್ಣೆ ಕಾಲುಚೀಲದಲ್ಲೇ ನಿಂತು ತುವೊವಿ ಹರ್ಯುಲಾ ಭಿತ್ತಿಪತ್ರಗಳ ಅಂಚು ಕತ್ತರಿಸುತ್ತಿದ್ದಾರೆ. ಒಂದನ್ನು ಎತ್ತಿ ನೋಡಲು ಹೋದ ನನ್ನ ಕೈಗೆ ಮೆಲ್ಲಗೆ ಒಂದು ಏಟು ಬೀಳುತ್ತದೆ. "ಮುಟ್ಬೇಡ, ಬಣ್ಣ ಇನ್ನೂ ಹಸಿ ಇದೆ," ಎಂದವರು ಅದೇ ಕೈಗೆ ಕಾಫಿ ಲೋಟ ಕೊಡುತ್ತಾರೆ.

ಭಿತ್ತಿಪತ್ರದಲ್ಲಿ ಬಿಳಿಯ ಕೆರೆ, ನಡುವೆ ಒಂದು ಕಪ್ಪು ಗೀರು. ಕೆಳಗೆ ಎರಡೇ ಸಾಲು: "ಮಂಜುಗಡ್ಡೆ ಬಿರುಕು ಬಿಟ್ಟಿತು. ಆಮೇಲೆ?" ಚಿತ್ರವನ್ನೂ ಮಾತನ್ನೂ ಕೊಟ್ಟವರು ಎಂಟನೇ ತರಗತಿಯ ಮಕ್ಕಳು. ಸುತ್ತಲಿನ ಹನ್ನೊಂದು ಊರುಗಳ ಗ್ರಂಥಾಲಯಗಳಿಗೆ ಹನ್ನೊಂದು ಪೆಟ್ಟಿಗೆ ಹೋಗಬೇಕು. ಪ್ರತಿಯೊಂದರಲ್ಲೂ ಮಾದರಿಗೆ ಎರಡು ಭಿತ್ತಿಪತ್ರ, ಸರದಿಯ ನಲವತ್ತು ಚೀಟಿ, ಜೊತೆಗೆ ಅಲ್ಲಿನ ಗ್ರಂಥಪಾಲಕರಿಗೆ ನಾಲ್ಕು ಪುಟದ ಕೈಪಿಡಿ. ಏಳೂವರೆಗೆ ಸಂಚಾರಿ ಗ್ರಂಥಾಲಯದ ಬಸ್ಸು ಬಂದು ಎಲ್ಲವನ್ನೂ ಹೊತ್ತೊಯ್ಯುತ್ತದೆ. ಪೆಟ್ಟಿಗೆಯ ಮೇಲೆ ಎಲ್ಲೂ ತುವೊವಿಯವರ ಹೆಸರಿಲ್ಲ.

ಐವತ್ತೆಂಟರ ತುವೊವಿ ಪುಸ್ತಕ ಸೂಚಕಿ. ಶಾಲೆಗಳಿಗೆ ಹೋಗಿ, ನಲವತ್ತೈದು ನಿಮಿಷದಲ್ಲಿ ಎಂಟು ಪುಸ್ತಕಗಳ ರುಚಿ ಹತ್ತಿಸಿ, ಪ್ರತಿಯೊಂದರ ಕತೆಯನ್ನೂ ಸರಿಯಾದ ಜಾಗದಲ್ಲಿ ನಿಲ್ಲಿಸಿ ಎದ್ದು ಬರುವುದು ಅವರ ಕಸುಬು. ಮೊದಲು ಅಚ್ಚುಮನೆಯಲ್ಲಿದ್ದರು. ಅದು ಮುಚ್ಚಿದ ಮೇಲೆ ಆರು ತಿಂಗಳ ಹಂಗಾಮಿ ಕೆಲಸಕ್ಕೆಂದು ಇಲ್ಲಿಗೆ ಬಂದರು. ಈಗ ಹತ್ತೊಂಬತ್ತು ವರ್ಷ. ವರ್ಷಕ್ಕೆ ನೂರಾ ಹತ್ತು ತರಗತಿ, ಒಂದೂವರೆ ಸಾವಿರ ಕಿಲೋಮೀಟರ್ ದಾರಿ. ಮೊದಲ ತರಗತಿ ಹೇಗಿತ್ತು ಎಂದರೆ ಈಗಲೂ ಕೆನ್ನೆ ಕೆಂಪಾಗುತ್ತದೆ. "ಮೂರು ಜನ ಮಲಗಿದ್ರು. ಒಬ್ಬನಂತೂ ಗೊರಕೇನೇ ಹೊಡೀತಿದ್ದ. ನಾನು ಇಡೀ ಕತೆ ಹೇಳ್ಬಿಟ್ಟಿದ್ದೆ, ಕೊನೇವರೆಗೂ. ಇನ್ನೇನಕ್ಕೆ ಓದ್ತಾರೆ ಹೇಳು?"

ಈ ಕಸುಬಿನಲ್ಲಿ ಇನ್ನೊಂದು ನಿಯಮವಿದೆ: ಕಪಾಟಿನಲ್ಲಿ ಒಂದೇ ಪ್ರತಿ ಇರುವ ಪುಸ್ತಕದ ಆಸೆ ಹುಟ್ಟಿಸಬಾರದು. ಹೊಸಬರಿಗೆ ಇದನ್ನು ಹೇಳಿಕೊಡುವವರೇ ತುವೊವಿ. ಕಳೆದ ಅಕ್ಟೋಬರಿನಲ್ಲಿ ಅದನ್ನು ಮುರಿದವರೂ ಅವರೇ.

ಅಂದು ರದ್ದಿಗೆ ಹಾಕುವ ಪುಸ್ತಕಗಳ ಗಾಡಿಯಲ್ಲಿ ಅವರಿಗೊಂದು ಹಳೆಯ ಕಾದಂಬರಿ ಸಿಕ್ಕಿತು. ವಸಂತದ ಹೊತ್ತಿಗೆ ಹೆಪ್ಪುಗಟ್ಟಿದ ಕೆರೆ ದಾಟಲು ಹೊರಟ ಇಬ್ಬರು ಅಕ್ಕತಂಗಿಯರ ಕತೆ. ಭಾನುವಾರ ಕೂತಲ್ಲೇ ಓದಿ ಮುಗಿಸಿದರು. ಸೋಮವಾರ ಮೂರು ಶಾಲೆಗಳಲ್ಲಿ ಪಟ್ಟಿಯಲ್ಲೇ ಇಲ್ಲದ ಆ ಪುಸ್ತಕದ ಬಗ್ಗೆ ಮಾತಾಡಿದರು. ಮಂಜುಗಡ್ಡೆ ಬಿರುಕು ಬಿಡುವ ಜಾಗಕ್ಕೆ ಕತೆ ನಿಲ್ಲಿಸಿದರು. ಸಂಜೆಯೊಳಗೆ ನಲವತ್ತೊಂದು ಮಕ್ಕಳು ಅದನ್ನು ಕಾಯ್ದಿರಿಸಿದ್ದರು. ಇಡೀ ಪ್ರದೇಶದಲ್ಲಿ ಇದ್ದದ್ದು ಆ ಒಂದೇ ಪ್ರತಿ. ಪ್ರಕಾಶಕರು ಎಂದೋ ಬಾಗಿಲು ಹಾಕಿದ್ದರು, ಹಳೆಯ ಅಂಗಡಿಗಳಲ್ಲೂ ಸಿಗಲಿಲ್ಲ.

"ಹೊಸದಾಗಿ ಸೇರಿದ ಹುಡುಗಿ ತರ ತಪ್ಪು ಮಾಡಿದ್ದೆ. ಊಟ ಸೇರ್ಲಿಲ್ಲ ಅವತ್ತು," ಎನ್ನುತ್ತಾರೆ ತುವೊವಿ. ಎರವಲಿನ ಗಡುವನ್ನು ನಾಲ್ಕು ವಾರದಿಂದ ಒಂದು ವಾರಕ್ಕೆ ಇಳಿಸಿದರು. ಆಮೇಲೆ ಅವರಿಗೆ ಹೊಳೆದ ಉಪಾಯವಿದೆಯಲ್ಲ, ಅದನ್ನು ಬರೆಯಲೆಂದೇ ನಾನು ನಸುಕಿನಲ್ಲೇ ಎದ್ದು ಬಂದಿದ್ದೇನೆ. ಕಾಯುತ್ತಿರುವ ಮಕ್ಕಳಿಗೆಲ್ಲ ಅವರು ಒಂದು ಚೀಟಿ ಕಳಿಸಿದರು: ಗುರುವಾರ ಮೂರು ಗಂಟೆಗೆ ಬನ್ನಿ, ಮುಂದೇನಾಗುತ್ತದೆ ಎಂದು ಒಟ್ಟಿಗೆ ಊಹಿಸೋಣ. ಹೀಗೆ ಹುಟ್ಟಿತು ಸರದಿ ಕೂಟ.

ಈವರೆಗೆ ಓದಿದವರು ಇಪ್ಪತ್ತೆರಡು ಮಕ್ಕಳು, ನಡುವೆ ಹೊಸದಾಗಿ ಸೇರಿದವರೂ ಕೂಡಿ ಕಾಯುತ್ತಿರುವವರು ಮೂವತ್ತೇಳು. ಹನ್ನೊಂದು ಊರುಗಳವರೂ ತಮ್ಮಲ್ಲಿನ ಒಂದು ಪುಸ್ತಕಕ್ಕೆ ಇಂಥದೇ ಕೂಟ ಮಾಡಲು ನಮಗೂ ಹೇಳಿಕೊಡಿ ಎಂದು ದುಂಬಾಲು ಬಿದ್ದಿದ್ದಾರೆ. ಪಕ್ಕದೂರಿನ ಗ್ರಂಥಪಾಲಕರು ತಾವು ಆರಿಸಿದ ಪುಸ್ತಕದ ಇಪ್ಪತ್ತು ಪ್ರತಿ ತರಿಸುತ್ತೇವೆ ಎಂದಾಗ ತುವೊವಿ ತಲೆ ಚಚ್ಚಿಕೊಂಡರಂತೆ. ಅವರ ಕೈಪಿಡಿಯ ಮೊದಲ ಸೂಚನೆಯೇ "ಒಂದಕ್ಕಿಂತ ಹೆಚ್ಚು ಪ್ರತಿ ಬೇಡ" ಎಂಬುದು.

ಇಷ್ಟೆಲ್ಲ ಆಗುತ್ತಿರುವಾಗಲೇ ಪುರಸಭೆಯ ಸಂಸ್ಕೃತಿ ಸಮಿತಿ, ಮಕ್ಕಳಿಗಾಗಿ ಗ್ರಂಥಾಲಯದಲ್ಲಿ ನಡೆಯುವ ಗುರುವಾರದ ಯುವ ಸಂಜೆಯನ್ನು ಮೇ ಕೊನೆಗೆ ನಿಲ್ಲಿಸಲು ಹೊರಟಿದೆ. ಉಳಿತಾಯವಂತೆ. ಅದು ನಿಂತರೆ ಕೂಟವೂ ಇಲ್ಲ, ತುವೊವಿಯವರ ಅರ್ಧ ಕೆಲಸವೂ ಹೋದಂತೆ. ಇವತ್ತು ಸಮಿತಿಯ ಅಧ್ಯಕ್ಷ ಕೌಕೊ ರೆಮೆಸ್ ಖುದ್ದಾಗಿ ನೋಡಲು ಬರುತ್ತಿದ್ದಾರೆ.

ಮೂರು ಗಂಟೆಗೆ ಮೂವತ್ತು ಜೊತೆ ಬೂಟು ಬಾಗಿಲಲ್ಲಿ ಕರಗಿದ ನೀರು ಸುರಿಸುತ್ತಿವೆ. ಓದಿ ಮುಗಿಸಿದವರಿಗೆ ಕಿಟಕಿಯ ಬಳಿ ಬೇರೆ ಬೆಂಚು. ಅವರು ತುಟಿ ಬಿಚ್ಚುವಂತಿಲ್ಲ, ನಗುವಂತೆಯೂ ಇಲ್ಲ. ಬಾಯಿಗೆ ಕೆಲಸ ಇರಲಿ ಎಂದು ಏಲಕ್ಕಿ ಬನ್ನಿನ ತಟ್ಟೆಯನ್ನು ಅವರ ಮುಂದೆಯೇ ಇಟ್ಟಿದ್ದಾರೆ. ಉಳಿದವರು ಬಿರುಕಿನ ನಂತರದ ಹನ್ನೊಂದನೇ ಅಧ್ಯಾಯದಲ್ಲಿ ಏನಾಗುತ್ತದೆ ಎಂದು ಜಗಳವಾಡುತ್ತಿದ್ದಾರೆ. ಅಕ್ಕ ಬದುಕುತ್ತಾಳೆ ಎನ್ನುವವರು ಒಂದು ಕಡೆ, ತಂಗಿ ಎನ್ನುವವರು ಇನ್ನೊಂದು ಕಡೆ. ನನಗೋ ಕೂತಲ್ಲಿ ಕೂರಲಾಗುತ್ತಿಲ್ಲ. ಮಕ್ಕಳು ಓದುವುದಿಲ್ಲ ಎಂದು ಗೊಣಗುವವರನ್ನೆಲ್ಲ ಎಳೆದು ತಂದು ಇಲ್ಲಿ ಕೂರಿಸಬೇಕು ಅನಿಸುತ್ತದೆ.

ಕೌಕೊ ಟೋಪಿ ಕೈಯಲ್ಲಿ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂರುತ್ತಾರೆ. ಹತ್ತು ನಿಮಿಷ ತಲೆ ಎಣಿಸುತ್ತಾರೆ. ಆಮೇಲೆ ಎಣಿಸುವುದು ನಿಲ್ಲುತ್ತದೆ.

"ಮಾರ್ಚಲ್ಲಿ ದಡದ ಹತ್ರಾನೇ ಮಂಜುಗಡ್ಡೆ ತೆಳು," ಎಂದು ಅವರ ಬಾಯಿಂದ ಜಾರುತ್ತದೆ. "ಆ ಹುಡುಗೀರು ಕೆರೆ ನಡುವಿಗೇ ವಾಪಸ್ ಹೋಗ್ಬೇಕಿತ್ತು."

ಇಪ್ಪತ್ತೊಂಬತ್ತನೇ ಸರದಿಯ ಹುಡುಗಿ ಹಿಲ್ಲಾ ತಿರುಗಿ ನೋಡುತ್ತಾಳೆ. ಈ ನಾಡಿನಲ್ಲಿ ಅಧ್ಯಕ್ಷರಿಗೂ ಏಕವಚನವೇ. "ನಿನ್ನ ನಂಬರ್ ಎಷ್ಟು?"

"ನಂಗೆ ನಂಬರ್ ಇಲ್ಲ."

"ಸರದೀಲಿ ಇಲ್ದೋರು ಮಾತಾಡೋ ಹಾಗಿಲ್ಲ. ಬನ್ ತಿಂತೀಯಾ?"

ಕೋಣೆಯೆಲ್ಲ ನಗು. ಕೌಕೊ ಎದ್ದು ನೇರ ತುವೊವಿಯವರ ಮೇಜಿಗೆ ಬರುತ್ತಾರೆ. ಸಂಸ್ಕೃತಿ ಸಮಿತಿಯ ಅಧ್ಯಕ್ಷರ ಗ್ರಂಥಾಲಯ ಕಾರ್ಡ್ ಹನ್ನೊಂದು ವರ್ಷದ ಹಿಂದೆಯೇ ರದ್ದಾಗಿದೆ ಎಂದು ಅಲ್ಲಿ ಗೊತ್ತಾಗುತ್ತದೆ. ತುವೊವಿ ಹೊಸ ಕಾರ್ಡ್ ಮಾಡಿ, ಅದರ ಹಿಂದೆ ಮೂವತ್ತೆಂಟು ಎಂದು ಬರೆದ ಚೀಟಿ ಅಂಟಿಸುತ್ತಾರೆ.

"ನನ್ನ ಸರದಿ ಯಾವಾಗ ಬರತ್ತೆ?"

"ಡಿಸೆಂಬರ್ ಮೊದಲ ವಾರ. ಆರನೇ ತಾರೀಕಿನ ನಮ್ಮ ಸ್ವಾತಂತ್ರ್ಯ ದಿನದ ಹೊತ್ತಿಗೆ."

"ಅಲ್ಲೀವರೆಗೆ?"

"ಗುರುವಾರ ಮೂರು ಗಂಟೆಗೆ ಬಾ. ಮೇ ತನಕ ಇರತ್ತೆ."

ಕೌಕೊ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡುತ್ತಾರೆ. ಆಮೇಲೆ ಅಲ್ಲೇ ನಿಂತು ಸಮಿತಿಯ ಕಾರ್ಯದರ್ಶಿಗೆ ಫೋನ್ ಮಾಡುತ್ತಾರೆ. "ಆ ಯುವ ಸಂಜೆ ವಿಷಯ. ಮೇ ಅಂತ ಇರೋದನ್ನ ಅಳಿಸು. ವರ್ಷ ಪೂರ್ತಿ ಅಂತ ಬರಿ, ಸಭೇಲಿ ನಾನೇ ಮಂಡಿಸ್ತೀನಿ. ಕಾರಣಾನಾ? ಕಾರಣ ಆಮೇಲೆ ಹೇಳ್ತೀನಿ." ಫೋನ್ ಇಟ್ಟವರೇ ಮಕ್ಕಳ ನಡುವೆ ಜಾಗ ಮಾಡಿಕೊಂಡು ಕೂತು ತಂಗಿಯ ಪಕ್ಷ ಸೇರುತ್ತಾರೆ.

ಸಭೆ ಇನ್ನೂ ನಡೆಯಬೇಕು. ಬೇರೆ ಆರು ಸದಸ್ಯರೂ ಕೈ ಎತ್ತಬೇಕು. ಹಾಗಾಗಿ ಲೋಟ ತೊಳೆಯುತ್ತಿದ್ದ ತುವೊವಿಯವರ ಕಿವಿಯಲ್ಲಿ ನಾನು ಮೆಲ್ಲಗೆ ಕೇಳುತ್ತೇನೆ: ಅಧ್ಯಕ್ಷರಿಗೆ ಸರದಿ ಬಿಟ್ಟು ಈ ವಾರವೇ ಪುಸ್ತಕ ಕೊಟ್ಟರೆ ಕೆಲಸ ಇನ್ನೂ ಗಟ್ಟಿಯಾಗುವುದಿಲ್ಲವೇ?

ಅವರು ನಲ್ಲಿ ನಿಲ್ಲಿಸುತ್ತಾರೆ.

"ಅವನಿಗಿಂತ ಮುಂದೆ ಮೂವತ್ತೇಳು ಮಕ್ಕಳಿದಾರೆ. ಅವರ ಮುಖ ಹೇಗೆ ನೋಡ್ಲಿ ನಾನು?" ಎನ್ನುತ್ತಾರೆ. ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ, ತಂಗಿಯ ಪರವಾಗಿ ವಾದಕ್ಕಿಳಿದ ಕೌಕೊ ಕಡೆ ಒಮ್ಮೆ ನೋಡುತ್ತಾರೆ. "ಓದ್ಬೇಕು ಅನ್ನಿಸ್ತಲ್ಲ ಅವನಿಗೆ. ನನ್ನ ಕೆಲಸ ಅಷ್ಟೇ."