ಜೀನತ್ ಆಪಾಳ ರ‍್ಯಾಲಿ ತಂಡ

ಬಾನೆಟ್ ಎತ್ತುವ ಮೊದಲೇ ಕಾರಿನ ಕಾಯಿಲೆ ಹೇಳುವವರು ಶಿರಸಿಯಲ್ಲಿ ಯಾರಾದರೂ ಇದ್ದರೆ ಅದು ಜೀನತ್ ಆಪಾ. ಗಂಡ ಹನೀಫನ ಲಾರಿ ಗ್ಯಾರೇಜಿನಲ್ಲಿ, ಗುಜರಿಗೆ ಹೊರಟಿದ್ದ ಹಳೆಯ ಜಿಪ್ಸಿ ಜೀಪೊಂದನ್ನು ತಡೆದು ನಿಲ್ಲಿಸಿ ಆಕೆ ರ‍್ಯಾಲಿ ತಂಡ ಕಟ್ಟಿದಾಗ ಪೇಟೆಯೆಲ್ಲ ನಕ್ಕಿತ್ತು. ಈಗ ದೊಡ್ಡ ಕಂಪನಿಗಳ ತಂಡದವರೂ ಆಪಾ ಬಂದರೆ ಎದ್ದು ಕುರ್ಚಿ ಕೊಡುತ್ತಾರೆ. ರೇಸಿನ ದಿನ ಆಕೆಯ ಬಾಯಿಗೆ ಬಿಡುವಿಲ್ಲ. ಟೈರಿಗೆ ಬೈಯುತ್ತಾಳೆ, ಮೋಡಕ್ಕೆ ಬೈಯುತ್ತಾಳೆ, ಚಹಾ ತಣ್ಣಗಾದರೆ ಹನೀಫನಿಗೆ ಬೈಯುತ್ತಾಳೆ. ನಂದೊಳ್ಳಿಯಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಮಮತಾಳನ್ನು ಕರೆತಂದು ರೇಸ್ ಡ್ರೈವರ್ ಮಾಡಿದ್ದೂ ಹೀಗೆ ಬೈದು ಬೈದೇ. ಆ ಮಮತಾ ಹೋದ ವರ್ಷ ತಂಡಕ್ಕೆ ಮೊದಲ ಕಪ್ ತರುವುದರಲ್ಲಿದ್ದಳು. ಕೊನೆಯ ಹಂತಕ್ಕೆ ಮುನ್ನ ಕಾರಿನಡಿ ನುಸುಳಿದ ಆಪಾ, ಸ್ಟೀರಿಂಗ್ ರಾಡಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಳು. ಬದಲಿ ರಾಡ್ ಇರಲಿಲ್ಲ. “ಇದೊಂದೇ ಆಪಾ, ನಿಧಾನಕ್ಕೆ ಹೋಗ್ತೆ,” ಎಂದು ಮಮತಾ ಅಂಗಲಾಚಿದಳು. “ನಿಂಗೆ ನಿಧಾನ ಬರೋದಿಲ್ಲ, ಅದನ್ನ ನಾ ಕಲ್ಸೇ ಇಲ್ಲ,” ಎಂದು ಆಪಾ ಕೀಲಿ ಕಿತ್ತುಕೊಂಡಳು. ಆ ಕಪ್ಪಿಗಾಗಿ ಎಲ್ಲರಿಗಿಂತ ಹೆಚ್ಚು ವರ್ಷ ಕಾದವಳು ಆಪಾಳೇ. ಕಪ್ ಬೇರೆ ತಂಡದ ಪಾಲಾಯಿತು. ಮಮತಾ ಮುಖ ತಿರುಗಿಸಿ ಕೂತಳು. ಆಪಾ ವ್ಯಾನಿನ ಹಿಂದೆ ಹೋಗಿ ಕಣ್ಣೊರೆಸಿಕೊಂಡು, ನಂದೊಳ್ಳಿಗೆ, ಮಮತಾಳ ಅವ್ವನಿಗೆ ಫೋನ್ ಹಚ್ಚಿದಳು. “ತಿಮ್ಮಕ್ಕಾ, ನಾವು ಸೋತ್ವಿ,” ಎಂದಳು. “ಮಗಳು ನಾಳೆ ಊಟಕ್ಕೆ ಮನೆಗೆ ಬರ್ತಾಳೆ.”