ಕಾಗಿ ಅಂತ ತಂದ ಪಾರಿವಾಳ

ಗೆಳೆಯರ, ಇವತ್ತ ಮುಂಜಾನೆ ನಮ್ಮ ಪಕ್ಷಿ ಆರೈಕೆ ಕೇಂದ್ರಕ್ಕ ಟಿಕೋಟಾದ ಗ್ಯಾರೇಜಿನ ಬಸಣ್ಣ ರಟ್ಟಿನ ಡಬ್ಬಿ ಹಿಡ್ಕೊಂಡು ಬಂದ.

"ಕಾಗಿರಿ ಅಕ್ಕಾರ, ನಮ್ಮ ಸುಟ್ಟ ಆಯಿಲ್ ಗುಂಡ್ಯಾಗ ಬಿದ್ದಿತ್ತು" ಅಂದ.

ಅವ ಹಿಡ್ಕೊಂಡ, ನಾ ಬೆಚ್ಚನ್ನ ಸೋಪಿನ ನೀರಾಗ ತೊಳದೆ. ಮೂರನೇ ಬಕೆಟ್ಟಿಗೆ ರೆಕ್ಕಿ ಬೆಳ್ಳಗಾತು.

"ಯಪ್ಪಾ, ಇದು ಪಾರಿವಾಳ!" ಅಂದ.

ಹಕ್ಕಿ ಆಯಿಲ್ ಕುಡದಿತ್ತು. ಮಧ್ಯಾಹ್ನ ಅವನ ಕೈಯಾಗ ಜೀವ ಬಿಡ್ತು. ಬಸಣ್ಣ ಅದನ್ನ ತಿರಗಿ ಡಬ್ಬ್ಯಾಗ ಇಟ್ಟ.

"ಮೊದಲೂ ನಾಕು ಸತ್ತು ಬಿದ್ದಿದ್ವು ಅಕ್ಕಾರ. ಕಾಗಿ ಅಂತ ತಗದು ಒಗದೆ. ತೊಳದು ನೋಡ್ಲಿಲ್ಲ."

ಸಂಜೀಕ ಗುಂಡಿ ಮ್ಯಾಲೆ ತಗಡು ಮುಚ್ಚಿದ ಫೋಟೋ ಕಳ್ಸ್ಯಾನ. ಥ್ಯಾಂಕ್ಸ್ ಅಂತ ಬರದೆ. ಕಾಗಿ ಬಿದ್ದಾಗನ ಮುಚ್ಚಬೇಕಿತ್ತು ಅಂತ ಬರ್ಯಾಕ ಮನಸ್ಸಾಗಲಿಲ್ಲ.